ಬ್ಯಾಟರಿ ನೀರು ಬಿದ್ದ ಧೋತ್ರ

ಅಣ್ಣಾ, ಅವತ್ತು ನೀನು ಕೈ ತೊಳೆದುಕೊಂಡಿದ್ದೆ. ಬ್ಯಾಟರಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ, ಮೊಣಕೈತನಕ ತೊಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನಿನ್ನ ಧೋತ್ರಕ್ಕೆ ಆಸಿಡ್ ತಾಗಿಸಿದವನು ನಾನು. ನೀನು ಬದುಕಿದ್ದಾಗ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ — ಕೇಳಿಸಿಕೊಳ್ಳಲು ನೀನಿಲ್ಲ.

ಓದುವವರಿಗೆ ತಿಳಿಯಲೆಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಅಫಜಲಪುರದ ನಮ್ಮ ಓಣಿಗೆ ಮೊದಲ ಟಿ.ವಿ. ತಂದವನು ನೀನು. ಕರೆಂಟನ್ನು ನಂಬುವಂತಿರಲಿಲ್ಲ, ಅದಕ್ಕೇ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಓಡಿಸುತ್ತಿದ್ದೆ. ಆ ಬ್ಯಾಟರಿಗೆ ನೀನು ಮಾಡುತ್ತಿದ್ದ ಆರೈಕೆ — ನಮ್ಮ ಮನೆಯ ಬಾಣಂತಿಯರಿಗೂ ಅಷ್ಟು ಸಿಕ್ಕಿರಲಿಕ್ಕಿಲ್ಲ. ಚಾರ್ಜಿಗೆ ಇಡುವುದು ಅಂಗಳದ ಚಪ್ಪರದ ಕೆಳಗೆ ಮಾತ್ರ, ಕಟ್ಟಿಗೆಯ ಹಲಗೆಯ ಮೇಲೆ. ಗ್ಯಾಸು ಹೋಗಲೆಂದು ಮೇಲಿನ ಮುಚ್ಚಳಗಳನ್ನು ಬಿಚ್ಚಿಡಬೇಕು. ಎತ್ತುವ ಮೊದಲು ಮತ್ತೆ ಬಿಗಿಯಬೇಕು. ವೈರು ತೆಗೆಯುವ ಮೊದಲು ಸ್ವಿಚ್ಚು ಆರಿಸಬೇಕು. ಆಸಿಡ್ ಚೆಲ್ಲಿದರೆ ಸುರಿಯಲು ಪಕ್ಕದಲ್ಲೇ ಒಂದು ಡಬ್ಬಿ ಸೋಡಾ ಪುಡಿ. ಅವ್ವ ಅದನ್ನು ಕದ್ದು ಭಜಿಗೆ ಹಾಕುತ್ತಿದ್ದಳು.

ಪಕ್ಕದ ಮನೆಯ ಕಾಕಾ ಬಾಯಲ್ಲಿ ಬೀಡಿ ಇಟ್ಟುಕೊಂಡು ಟಿ.ವಿ. ನೋಡಲು ಬಂದರೆ ನೀನು ಬಾಗಿಲಲ್ಲೇ ಅಡ್ಡ ನಿಲ್ಲುತ್ತಿದ್ದೆ.

"ಕಾಕಾ, ಬೀಡಿ ಹೊರಗ ಆರಿಸಿ ಬರ್ರಿ. ಗ್ಯಾಸ್ ಹತ್ಕೋತದ."

"ಚಪ್ಪಲ್ ಬಿಡು ಅಂದಿ, ಬಿಟ್ಟೇನಿ. ಬೀಡಿನೂ ಬಿಡಬೇಕೇನಲೇ? ಇದೇನು ಬ್ಯಾಟ್ರಿನೋ, ಮಠನೋ?"

ನಿನ್ನ ನಿಶ್ಚಯದ ಹಿಂದಿನ ದಿನ ಭಾನುವಾರ. ಮರುದಿನ ಅಂದೋಲಾಕ್ಕೆ, ಹೆಣ್ಣಿನ ಮನೆಗೆ, ಸಕ್ಕರೆ ಶಾಸ್ತ್ರಕ್ಕೆ ಹೋಗಬೇಕು. ಮನೆ ತುಂಬ ನೆಂಟರು. ನೀನು ಬ್ಯಾಟರಿಯನ್ನು ಚಾರ್ಜಿಗೆ ಇಟ್ಟು, ಕೈ ತೊಳೆದು, ಹೂ-ಹಣ್ಣು ತರಲು ಬಜಾರಿಗೆ ಹೋದೆ. ಇತ್ತ ಕರೆಂಟು ಹೋಯಿತು, ಅತ್ತ ಸಿನಿಮಾ ಶುರುವಾಗುವ ಹೊತ್ತಾಯಿತು. ನೆಂಟರೆಲ್ಲ ಸುಮ್ಮನಿದ್ದ ಟಿ.ವಿ.ಯನ್ನೇ ದಿಟ್ಟಿಸುತ್ತ ಕೂತಿದ್ದರು. ನನಗೋ, ಮನೆಯ ಯಜಮಾನನಾಗುವ ಹುಮ್ಮಸ್ಸು. ಬ್ಯಾಟರಿಯನ್ನು ಎತ್ತಿಕೊಂಡು ಒಳಗೆ ಬಂದೆ — ಮುಚ್ಚಳ ಬಿಗಿಯದೆ. ಹೊಸ್ತಿಲು ದಾಟುವಾಗ ಅದು ವಾಲಿತು. ನೆಲದ ಮೇಲೆ ಒಂದಿಷ್ಟು ಆಸಿಡ್ ಚೆಲ್ಲಿತು. ಯಾರಾದರೂ ತುಳಿದಾರೆಂದು ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿದೆ.

ಅದು ಮಂಚದ ಮೇಲೆ ಅವ್ವ ಮಡಿಸಿಟ್ಟಿದ್ದ ನಿನ್ನ ಹೊಸ ಧೋತ್ರ. ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು — ಗೊತ್ತಿತ್ತು. ಆಸಿಡ್ ನೋಡಲು ನೀರಿನಂತೆಯೇ ಇತ್ತಲ್ಲ, ಒಣಗುತ್ತದೆ ಎಂದುಕೊಂಡೆ. ಒದ್ದೆ ಭಾಗವನ್ನು ಒಳಗೆ ಮಾಡಿ ಮಡಿಸಿಟ್ಟೆ. ಬೆರಳು ಚುರುಗುಟ್ಟಿದ್ದಕ್ಕೆ ನನ್ನ ಕೈ ಮಾತ್ರ ತೊಳೆದುಕೊಂಡೆ. ಆಮೇಲೆ ಸಿನಿಮಾ ನೋಡಿದೆ.

ಅಂದೋಲಾದಲ್ಲಿ ಸಕ್ಕರೆ ಹಂಚುವ ಮೊದಲು ನೀನು ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರ ಪಾದಕ್ಕೆ ಅಡ್ಡಬಿದ್ದೆ. ಪರ್ ಎಂದು ಸದ್ದಾಯಿತು. ಎದ್ದಾಗ ಹಿಂದೆ ಧೋತ್ರವೇ ಇರಲಿಲ್ಲ ಎನ್ನಬೇಕು, ಪಟ್ಟಾಪಟ್ಟಿ ಚಡ್ಡಿ ಇಡೀ ಸಭೆಗೆ ದರ್ಶನ ಕೊಟ್ಟಿತು. ಹೆಣ್ಣಿನ ಸೋದರಮಾವ ತಡೆಯಲಿಲ್ಲ:

"ಏನ್ರಿ ಬೀಗರ, ತಮ್ಮ ಧೋತ್ರಾನೇ ನೋಡ್ಕೊಳ್ಳಲಾರದವರು ನಮ್ಮ ಹುಡುಗಿನ್ನ ಏನ್ ನೋಡ್ಕೋತಾರ್ರಿ?"

ನೀನು ಹರಿದ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಅದು ಪುಡಿಪುಡಿಯಾಯಿತು. ತಕ್ಷಣ ತಿಳಿಯಿತು ನಿನಗೆ.

"ಆಸಿಡ್ ತಾಗ್ಯದ್ರಿ. ನಂದೇ ತಪ್ಪು. ಬ್ಯಾಟ್ರಿ ಮುಟ್ಟಿದ ಕೈಲೇ ಧೋತ್ರ ಮುಟ್ಟಿರಬೇಕು."

ನಾನು ಓಡಿಬಂದು ನನ್ನ ಶಲ್ಯವನ್ನು ನಿನ್ನ ಸೊಂಟಕ್ಕೆ ಸುತ್ತಿದೆ. "ತಮ್ಮ ಅಂದ್ರ ಹಿಂಗಿರಬೇಕು ನೋಡ್ರಿ," ಎಂದರು ಅಯ್ಯನವರು. ನಾನು ತಲೆ ತಗ್ಗಿಸಿದೆ — ಅದನ್ನೂ ಅವರು ವಿನಯ ಎಂದುಕೊಂಡರು.

ನಕ್ಕು ನಕ್ಕು ಸಕ್ಕರೆ ಹಂಚಿದರು, ಮದುವೆ ಗಟ್ಟಿಯಾಯಿತು. ನನ್ನ ತಪ್ಪು ಅಲ್ಲಿಗೇ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲಿ ನೀನು ಬಹಳ ಹೊತ್ತು ನಿನ್ನ ಅಂಗೈಗಳನ್ನೇ ನೋಡಿಕೊಂಡು ಕೂತಿದ್ದು, ನನ್ನನ್ನು ಕೇಳಿದೆ:

"ಕೈ ತೊಳ್ದಂಗ ನೆನಪದ ನನಗ. ನೀ ಅಲ್ಲೇ ಇದ್ದಿ — ತೊಳ್ದಿದ್ನೇನೋ?"

"ಇಲ್ಲಣ್ಣ. ಗಡಬಡಿಯೊಳಗ ಮರ್ತಿದ್ದಿ."

ಇದು ನನ್ನ ಪಾಪ. ಧೋತ್ರ ಸುಟ್ಟದ್ದು ಅವಸರಕ್ಕೆ. ಇದು ಮಾತ್ರ ಯೋಚಿಸಿ ಹೇಳಿದ ಮಾತು.

ಅಂದಿನಿಂದ ನೀನು ನಿನ್ನ ಕೈಯನ್ನೇ ನಂಬಲಿಲ್ಲ. ಎರಡೆರಡು ಸಲ ತೊಳೆಯುತ್ತಿದ್ದೆ. ಬ್ಯಾಟರಿ ಕೊಂಡವರಿಗೆಲ್ಲ ಬುದ್ಧಿ ಹೇಳುವಾಗ ಮಾಡದ ತಪ್ಪನ್ನೇ ಉದಾಹರಣೆ ಕೊಡುತ್ತಿದ್ದೆ. ಇನ್ನು ವೈನಿ, ನಿನ್ನ ಕೈಹಿಡಿದ ಅದೇ ಅಂದೋಲಾದ ಹುಡುಗಿ, ಸಂಸಾರದುದ್ದಕ್ಕೂ ಸೋದರಮಾವನ ಆ ಮಾತನ್ನು ಬಿಡಲಿಲ್ಲ. ಸ್ಟೋವಿಗೆ ಸೀಮೆಎಣ್ಣೆ ನೋಡಿ ಹಾಕು ಅಂದರೂ, ಕಪಾಟಿನ ಬೀಗ ಸರಿಯಾಗಿ ಹಾಕು ಅಂದರೂ ಅವರದು ಒಂದೇ ಉತ್ತರ: "ಮದ್ಲ ನಿಮ್ಮ ಧೋತ್ರ ನೋಡ್ಕೋರಿ." ಆ ಜಗಳ ಅಲ್ಲಿಗೇ ನೀನು ಸೋತಂತೆ. ಎಲ್ಲರೂ ನಗುತ್ತಿದ್ದೆವು. ನಾನು ತುಸು ಹೆಚ್ಚೇ ನಗುತ್ತಿದ್ದೆ.

ನೀನು ತೀರಿಕೊಂಡ ಮೇಲಿನ ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ಹೋದ ಮೇಲೆ ವೈನಿಯ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ — ಬೈದಿದ್ದರೆ ಚೆನ್ನಾಗಿತ್ತು. ಅವರು ಮೊದಲು ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅವರಿದ್ದಾಗ ಹೇಳಬಾರದಿತ್ತೇನೋ ತಮ್ಮಾ," ಅಂದರು. "ನನ್ನ ಮುಂದ ಒಂದಾದ್ರೂ ಜಗಳ ಗೆಲ್ತಿದ್ರು."