ಹೊಟ್ಟೆಯೊಳಗಿನ ಕಾರ್ಖಾನೆ

ಹೈದರಾಬಾದು ಇನ್ನೂ ಅಖಂಡ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ಪಟಾನ್‌ಚೆರುವಿನ ಕೆಮಿಕಲ್ ಕಾರ್ಖಾನೆಗಳಿಂದ ಖಾಲಿ ಡ್ರಮ್ಮು ಕೊಂಡು, ಬಾಲಾನಗರದ ಶೆಡ್ಡಿನಲ್ಲಿ ತೊಳೆಸಿ, ಬಣ್ಣ ಬಳಿಸಿ ಮಾರುವುದು ನನ್ನ ವ್ಯಾಪಾರ. ಇದರಲ್ಲಿ ಕಣ್ಣಿಗಿಂತ ಮೂಗು ಮುಖ್ಯ. ಮುಚ್ಚಳ ತೆಗೆದ ಕೂಡಲೇ ಒಳಗೇನಿತ್ತು, ತೊಳೆದರೆ ವಾಸನೆ ಹೋಗುತ್ತದೋ ಇಲ್ಲವೋ ತಿಳಿಯಬೇಕು. ಇನ್ನೊಬ್ಬರಿಗೆ ಬಿಡುವ ಕೆಲಸವಲ್ಲ. ನೀವೂ ಈ ವ್ಯಾಪಾರಕ್ಕೆ ಇಳಿಯುವುದಾದರೆ ಸ್ವತಃ ಹೋಗಿ, ಬಿಸಿಲಲ್ಲಿ ನಿಂತು ಮಾಲು ನೋಡಿ.

ಅಂಥ ನನಗೆ ಹೊಟ್ಟೆ ಕೈಕೊಟ್ಟಿತು. ಕೆಲವು ದಿನ ಕಟ್ಟಿಕೊಂಡೇ ಇರುವುದು, ಆಮೇಲೆ ಪಟಾನ್‌ಚೆರು ಬಸ್ಸಿನಲ್ಲಿ ಕೂತಾಗಲೇ ಬಿಚ್ಚಿಕೊಳ್ಳುವುದು. ಅರ್ಧ ದಾರಿಯಲ್ಲಿ ಇಳಿದು ಓಡಿದ್ದೂ ಉಂಟು. ಕಡೆಗೆ ಬಸ್ಸು ಹತ್ತುವ ಧೈರ್ಯವೇ ಉಳಿಯಲಿಲ್ಲ. ನಾನು ಹೋಗದಿದ್ದರೆ ಡ್ರಮ್ಮಿಲ್ಲ, ಡ್ರಮ್ಮಿಲ್ಲದಿದ್ದರೆ ಶೆಡ್ಡಿಗೆ ಬೀಗ. ಬರಿಗೈಯಿಂದ ಕಟ್ಟಿದ ವ್ಯಾಪಾರ ಹೊಟ್ಟೆಯಿಂದಾಗಿ ಮುಳುಗುವ ಹಾಗಾಯಿತು.

ನಮ್ಮೂರ ಕಡೆಯ ಗೆಳೆಯನ ಮಗಳು ಕೊಂಡಾಪುರದಲ್ಲಿ ಡಾಕ್ಟರು. ಹೆಂಡತಿ ನನ್ನನ್ನು ಅಲ್ಲಿಗೆ ಎಳೆದೊಯ್ದಳು. ಪರೀಕ್ಷೆಗಳೆಲ್ಲ ಆದವು.

"ಕಾಕಾ, ಕರುಳಿನಾಗ ಕೆಟ್ಟದ್ದೇನೂ ಕಾಣಂಗಿಲ್ಲ. ಆದ್ರ ಲಿವರಿನ್ಯಾಗ ಕೊಬ್ಬು ಕೂತೈತಿ. ಏನ್ ಉಣ್ತೀರಿ?"

"ಎಲ್ಲಾ ಫಸ್ಟ್ ಕ್ಲಾಸವ್ವಾ. ರೊಟ್ಟಿ ಅಂದ್ರ ಹಾಲಿನಂಗ ಬೆಳ್ಳಗ ಇರ್ತಾವ."

ಹೆಂಡತಿ ಸುಮ್ಮನಿರಲಿಲ್ಲ. "ಸಣ್ಣ ಕಣ್ಣಿನ ಸಾಣಿಗಿಯೊಳಗ ಹಿಟ್ಟು ಎರಡೆರಡು ಸಲ ಸೋಸಸ್ತಾರವ್ವಾ. ತವುಡೆಲ್ಲಾ ಹಾಲಿನವಂಗ. ಅವನ ಎಮ್ಮಿ ಮಿಂಚಾಕತ್ತೈತಿ, ಇವರು ಬಸ್ಸಿಂದ ಜಿಗಿಯಾಕತ್ತಾರ!"

ಅವಳು ಹೇಳಿದ್ದು ನಿಜ. ಚಿಕ್ಕವನಿದ್ದಾಗ ಸೋಸದ ಹಿಟ್ಟಿನ ಕಪ್ಪು ರೊಟ್ಟಿ ತಿಂದೇ ಬೆಳೆದವನು ನಾನು. ನಮ್ಮೂರ ಕಡೆ ಜೋಳದ ರೊಟ್ಟಿ ಎಷ್ಟು ಬೆಳ್ಳಗಿದ್ದರೆ ಮನೆ ಅಷ್ಟು ಅನುಕೂಲಸ್ಥರದು. ಕೈಗೆ ನಾಲ್ಕು ಕಾಸು ಬಂದಾಗ ನಾನು ಮೊದಲು ಬದಲಿಸಿದ್ದು ಸಾಣಿಗೆಯನ್ನು. ತವುಡಿಗೆ ಬದಲಾಗಿ ಹಾಲಿನವನಿಂದ ಒಂದಿಷ್ಟು ಹೆಚ್ಚಿನ ಹಾಲು. ಲಾಭದ ವ್ಯವಹಾರ ಅಂದುಕೊಂಡಿದ್ದೆ.

"ನಿಮಗ ಬೇಕಾದ್ದನ್ನೇ ಎಮ್ಮಿಗೆ ಹಾಕೀರಿ" ಎಂದಳು ಡಾಕ್ಟರು. ನಮ್ಮಿಂದ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಇಳಿಯುತ್ತದಂತೆ. ಅಲ್ಲಿರುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳೆಂಬ ಆಸಿಡ್ಡುಗಳನ್ನು ತಯಾರಿಸುತ್ತವಂತೆ. ಅವುಗಳಲ್ಲಿ ಕೆಲವು ಲಿವರಿಗೂ ಮೈಗೂ ಹೋಗಿ ಹಸಿವು ಎಷ್ಟು, ಕೊಬ್ಬು ಕೂಡಿಡಬೇಕೋ ಉರಿಸಬೇಕೋ ಎಂಬ ಲೆಕ್ಕದಲ್ಲಿ ತಮ್ಮದೂ ಒಂದು ಮಾತು ಸೇರಿಸುತ್ತವಂತೆ. "ಇನ್ನೊಂದು ಬ್ಯುಟಿರಿಕ್ ಆಸಿಡ್ ಕಾಕಾ. ಕರುಳಿನ ಒಳಗೋಡೆಗೆ ಅದೇ ಊಟ. ಅದು ಸಿಕ್ಕರ ಗೋಡೆ ಗಟ್ಟಿ."

"ಬ್ಯುಟಿರಿಕ್ಕಾ?" ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಬ್ಯುಟಿರಿಕ್ ತುಂಬಿದ್ದ ಡ್ರಮ್ಮನ್ನು ನಾನು ಯಾವತ್ತೂ ಕೊಂಡವನಲ್ಲ. ಹಳಸಿದ ಬೆಣ್ಣೆಗೆ ವಾಂತಿ ಬೆರೆಸಿದಂಥ ವಾಸನೆ, ತೊಳೆದರೂ ಹೋಗದು. ಅಂಥ ಮಾಲು ತಯಾರಿಸುವ ಕಾರ್ಖಾನೆಯಲ್ಲಿ ಬಾಯ್ಲರು, ಪೈಪು, ಮುಖವಾಡ ಹಾಕಿದ ಕೆಲಸಗಾರರು, ಗೇಟಿಗೆ ಕಾವಲು. ಅದೇ ಮಾಲು ನನ್ನ ಹೊಟ್ಟೆಯ ಕತ್ತಲಲ್ಲಿ, ಬೆಂಕಿಯಿಲ್ಲದೆ, ಎಮ್ಮೆಗೆ ಹಾಕುವ ತವುಡಿನಿಂದ ತಯಾರಾಗುತ್ತದೆಯೇ? ಇಂಥ ವ್ಯವಹಾರ ನನ್ನ ಜನ್ಮದಲ್ಲಿ ಕುದುರಿಸಿರಲಿಲ್ಲ.

ಆದರೂ ಅಭ್ಯಾಸಬಲ. "ಹಂಗಾರ ಅದನ್ನ ಗುಳಿಗಿ ಮಾಡಿ ಕೊಟ್ಟುಬಿಡ್ರೆವ್ವಾ."

"ಇಲ್ಲಿ ಚೌಕಾಶಿ ನಡಿಯಂಗಿಲ್ಲ ಕಾಕಾ. ಬಾಯಿಂದ ನುಂಗಿದ್ದು ಬಹಳಷ್ಟು ಮ್ಯಾಲೇ ಹೀರಿಹೋಗತೈತಿ, ದೊಡ್ಡ ಕರುಳಿಗೆ ಮುಟ್ಟಂಗಿಲ್ಲ. ಅಲ್ಲೇ ತಯಾರಾದ್ರ ಚಲೋ."

"ಲಿವರಿನ ಕೊಬ್ಬು?"

"ಇದೊಂದರಿಂದ ಕರಗತೈತಿ ಅಂತ ಹೇಳಂಗಿಲ್ಲ. ಇನ್ನೂ ಹುಡುಕಾಕತ್ತಾರ. ಸಕ್ರಿ ಕಡಿಮಿ ಮಾಡ್ರಿ, ನಡೀರಿ."

ಮನೆಗೆ ಬಂದವನೇ ಸೋಸದ ಹಿಟ್ಟಿನ ರೊಟ್ಟಿ, ಕಡಲೆಕಾಳು, ಮಡಕಿಕಾಳು ಎಲ್ಲ ಒಂದೇ ಊಟಕ್ಕೆ ಹೊಡೆದೆ. ಸಂಜೆಗೆ ಹೊಟ್ಟೆ ಉಬ್ಬಿ ನಿಂತಿತು. "ಇವತ್ತ ಡ್ರಮ್ಮು ಮನಿಗೇ ಬಂತಲ್ಲರೀ!" ಎಂದು ಹೆಂಡತಿ ನಕ್ಕಳು. ಫೋನಿನಲ್ಲಿ ಡಾಕ್ಟರೂ ನಕ್ಕಳು: "ವರ್ಷಗಟ್ಟಲೆ ಬಂದ್ ಬಿದ್ದ ಕಾರ್ಖಾನಿ ಕಾಕಾ. ಒಮ್ಮೆಲೇ ಅಷ್ಟು ಮಾಲು ಇಳಿಸಿದ್ರ ಹೆಂಗ? ಸ್ವಲ್ಪಸ್ವಲ್ಪ ಹೆಚ್ಚು ಮಾಡ್ರಿ, ನೀರು ಕುಡೀರಿ." ನೀವೂ ಈ ಮಾತನ್ನು ಮರೆಯಬೇಡಿ.

ತವುಡು ನಿಂತದ್ದಕ್ಕೆ ಹಾಲಿನವನು ಮುಖ ಸಣ್ಣದು ಮಾಡಿದ. "ಭೂಸಾ ನಹೀಂ, ಸೇಠ್?"

"ಅಬ್ ಹಮ್ ಖಾತೇ ಮಿಯಾ" ಎಂದೆ. ನಾವೇ ತಿನ್ನುತ್ತೇವೆ ಅಂದದ್ದಕ್ಕೆ ಅವನು ಕ್ಯಾನು ಕೆಳಗಿಟ್ಟು ನಕ್ಕ. ಹಾಲು ಮಾತ್ರ ಮರುದಿನದಿಂದಲೇ ಕಡಿಮೆಯಾಯಿತು.

ಹೊಟ್ಟೆ ದಾರಿಗೆ ಬರಲು ತಿಂಗಳುಗಳೇ ಹಿಡಿದವು. ಅಷ್ಟು ದಿನ ಶೆಡ್ಡಿಗೆ ಬೀಗವೇ. ಒಂದು ಬೆಳಿಗ್ಗೆ ಧೈರ್ಯ ಮಾಡಿ ಬಸ್ಸು ಹತ್ತಿದೆ, ಪಟಾನ್‌ಚೆರುವಿನಲ್ಲೇ ಇಳಿದೆ. ಕಾರ್ಖಾನೆಯ ಅಂಗಳದಲ್ಲಿ ಒಂದು ಡ್ರಮ್ಮಿನ ಮುಚ್ಚಳ ತೆಗೆದರೆ ಅದೇ ಬ್ಯುಟಿರಿಕ್ ವಾಸನೆ. ಹಿಂದಾಗಿದ್ದರೆ ಮೂಗು ಮುಚ್ಚಿ ಮುಂದೆ ಹೋಗುತ್ತಿದ್ದೆ. ಅಂದು ದೇವರ ಮುಂದೆ ನಿಂತವನ ಹಾಗೆ ನಿಂತುಬಿಟ್ಟೆ.

"ಕ್ಯಾ ಸೇಠ್, ಪಸಂದ್ ಆಯಾ ಕ್ಯಾ?" ಹಿಡಿಸಿತೇನು ಎಂದು ಗೋದಾಮಿನವನಿಗೆ ಆಶ್ಚರ್ಯ.

ಡ್ರಮ್ಮನ್ನೇನೂ ಕೊಳ್ಳಲಿಲ್ಲ, ಆ ವಾಸನೆ ತೊಳೆದರೆ ಹೋಗುವುದಲ್ಲ. ಪಕ್ಕದ ಸಾಲಿನವನ್ನು ಚೌಕಾಶಿ ಮಾಡಿ ಲಾರಿಗೆ ಹೇರಿಸಿ, ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಹೊರಗೆ ಯಾವುದೋ ಕಾರ್ಖಾನೆಯ ಸೈರನ್ನು ಕೂಗಿ ಪಾಳಿ ಬದಲಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಅಲ್ಲಿ ಸೈರನ್ನಿಲ್ಲ, ಹೊಗೆಯಿಲ್ಲ; ಬೆಳಗಿನ ರೊಟ್ಟಿಯ ತವುಡಿನ ಮೇಲೆ ಕೆಲಸ ನಡೆದೇ ಇತ್ತು.