ಗಿರಿಜಕ್ಕನ ಹೆಸರಿನಲ್ಲಿ

ಪಾತ್ರೆ ಇಡದೆ ಬರೀ ಬೆಂಕಿ ಉರಿಯುವುದನ್ನು ಗಿರಿಜಕ್ಕ ಸಹಿಸುತ್ತಿರಲಿಲ್ಲ. ಉಳ್ಳಾಗಡ್ಡಿ ಹೆಚ್ಚಿ, ಬೇಳೆ ತೊಳೆದು, ಒಗ್ಗರಣೆಯ ಸಾಸಿವೆಯನ್ನು ಅಂಗೈಯಲ್ಲಿ ಹಿಡಿದುಕೊಂಡ ಮೇಲೆಯೇ ನನ್ನ ಕಡೆ ತಿರುಗಿ, "ಹ್ಞೂಂ, ಈಗ ಹಚ್ಚು" ಎನ್ನುತ್ತಿದ್ದಳು. ಅನ್ನ ಮುಕ್ಕಾಲು ಬೆಂದ ಕೂಡಲೇ ಗ್ಯಾಸ್ ಆರಿಸಿ, ತಾಟು ಮುಚ್ಚಿ, ಹಳೆಯ ಟವೆಲ್ ಸುತ್ತಿ ಮೂಲೆಗೆ ಇಡುವಳು. "ಉಳಿದದ್ದು ತನ್ನಷ್ಟಕ್ಕ ತಾನ ಬೇಯ್ತೈತಿ. ಅದಕ್ಯಾಕ ಗ್ಯಾಸ್ ಸುಡೂದು?"

ಕೊಪ್ಪಳದಲ್ಲಿ ಬಿ.ಎಡ್. ಓದುವಾಗ ನಾವಿಬ್ಬರೂ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದೇ ಖೋಲಿಯಲ್ಲಿದ್ದೆವು. ನಾನು ಯಲಬುರ್ಗಾದಲ್ಲಿ ಡಿಗ್ರಿ ಮುಗಿಸಿ ನೇರವಾಗಿ ಬಂದವಳು. ಅವಳ ತವರು ಕುಕನೂರು, ಗಂಡನ ಮನೆ ಗಂಗಾವತಿ. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಅತ್ತೆಯನ್ನೂ ಗಂಡನನ್ನೂ ಒಪ್ಪಿಸಿ ಮತ್ತೆ ಪುಸ್ತಕ ಹಿಡಿದಿದ್ದಳು. ಗಂಡ ಮಲ್ಲಿಕಾರ್ಜುನ ಅಕ್ಕಿ ಗಿರಣಿಗಳ ಮಾಲು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನು ಕಳಿಸುತ್ತಿದ್ದುದು ಖೋಲಿ ಬಾಡಿಗೆಗೆ ಸರಿಹೋಗಿ, ಕಿರಾಣಿಗೆ ಅರ್ಧಕ್ಕೆ ನಿಲ್ಲುತ್ತಿತ್ತು. ಕಾಲೇಜಿನ ಫೀಸೆಲ್ಲ ಸ್ಕಾಲರ್‌ಶಿಪ್ಪಿನ ಮೇಲೆ ನಿಂತಿತ್ತು. ಅದು ವರ್ಷಕ್ಕೊಮ್ಮೆ ಬರುವುದು, ಯಾವ ತಿಂಗಳೆಂದು ಕೇಳುವಂತಿಲ್ಲ.

ಜೋಳದ ಹಿಟ್ಟು ತವರಿನಿಂದ ಬರುತ್ತಿತ್ತು. ತರಕಾರಿಗೆ ಸಂಜೆ, ಸಂತೆಯವರು ಗಂಟು ಕಟ್ಟುವ ಹೊತ್ತಿಗೆ ಹೋಗುವಳು. ಚೌಕಾಶಿ ಮಾತ್ರ ಮಾಡುತ್ತಿರಲಿಲ್ಲ. "ಅವರೂ ಹೊಟ್ಟಿಗಂತ ಮಾರಾಕ ಕುಂತಾರವಾ. ನಾವಾಗಿ ಕಡಿಮಿ ಕೇಳಬಾರದು. ಅವರಾಗಿ ಕರದು ಕೊಡೂತನಕ ನಿಂದ್ರಬೇಕು." ಕಾಲೇಜು ಕ್ಯಾಂಟೀನಿನಲ್ಲಿ ಯಾರು ಕರೆದರೂ ಚಹಾ ಕುಡಿಯುತ್ತಿರಲಿಲ್ಲ. ಚಹಾ ಕುಡಿದರೆ ತಲೆ ನೋಯುತ್ತದೆ ಎನ್ನುವಳು. ಖೋಲಿಗೆ ಬಂದು ದೊಡ್ಡ ಲೋಟದಲ್ಲಿ ಚಹಾ ಸೋಸಿಕೊಂಡು ಗೋಡೆಗೆ ಒರಗುತ್ತಿದ್ದವಳೂ ಅವಳೇ. "ಒಂದಿನ ಅವರು ಕುಡಿಸಿದ್ರ, ಒಂದಿನ ನಾ ಕುಡಿಸಬೇಕಲ್ಲ" ಎಂದು ಒಮ್ಮೆ ತಾನೇ ಹೇಳಿದಳು.

ಅವಳ ಜೊತೆ ಇರುವುದು ಸಲೀಸಾಗಿರಲಿಲ್ಲ. ಬೇಸಿಗೆಯಲ್ಲಿ ಕೊಪ್ಪಳದ ಬಂಡೆಗಳೆಲ್ಲ ಕಾದು ಖೋಲಿ ಒಲೆಯಂತಾದರೂ ಫ್ಯಾನು ಬಂದ್ ಮಾಡುವಳು. ನಾನು ಗೊಣಗಿದರೆ, "ಗಾಳಿ ಬೇಕಾದ್ರ ಬಾಗಲ್ದಾಗ ಕುಂದ್ರು. ಅಲ್ಲಿ ಪುಕ್ಕಟ ಬರ್ತೈತಿ" ಎಂದು ಮುಖ ನೋಡದೆ ಹೇಳುವಳು.

ಸ್ಕಾಲರ್‌ಶಿಪ್ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಮದುವೆಯಾದವಳು, ಅಪ್ಪನದು ನಡೆಯುವುದಿಲ್ಲ, ಗಂಡನದೇ ಆಗಬೇಕು ಎಂದು ಕಾಲೇಜು ಆಫೀಸಿನವರು ಹೇಳಿದರು. ಗಂಡ ಕಾಗದ ಕೊಡಲು ಒಲ್ಲೆನೆಂದ. ಓದುವವಳು ನೀನು, ನನ್ನ ಆದಾಯ ಯಾರಿಗೆ ಯಾಕೆ ಬೇಕು ಎಂದು ಅವನ ವಾದ. ನಾಲ್ಕು ಸಲ ಗಂಗಾವತಿಗೆ ತಿರುಗಿ ಕೊನೆಗೂ ಅದನ್ನು ತಂದಳು. ಆ ಸಂಜೆ ಕಾಗದವನ್ನು ನನ್ನ ಮುಂದೆ ಹಿಡಿದು ನಕ್ಕಳು.

"ಅಪ್ಪನ್ನ ಕೇಳಿದ್ರ, ನಿನಗ ಗಂಡ ಅದಾನ ಅಂತಾನ. ಗಂಡನ್ನ ಕೇಳಿದ್ರ, ನಿಮ್ಮಪ್ಪ ಓದಸ್ಲಿ ಅಂತಾನ. ಸರ್ಕಾರದವರು ಮಾತ್ರ ಗಂಡನ ಗಳಿಕಿನೂ ನಿನ್ನ ಆದಾಯ ಅಂತ ಬರದು ಕೊಟ್ಟಾರ ನೋಡು. ಇಷ್ಟು ರೊಕ್ಕ ನಾ ಕಣ್ಣಿಲೆ ಕಂಡಿಲ್ಲ ತಂಗಿ."

ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು. ನಾವೆಲ್ಲ ಕುಣಿದೆವು. ಗಿರಿಜಕ್ಕನ ಅತ್ತೆ ಮರುವಾರವೇ ಫೋನು ಮಾಡಿ, ಇನ್ನು ಮೇಲೆ ಪ್ರತಿ ಶನಿವಾರ ಬಂದುಬಿಡು ಎಂದರು. ವಾರದ ಬಟ್ಟೆ, ಹಾಸಿಗೆ ಹೊದಿಕೆ, ಹಿತ್ತಲು ಎಲ್ಲವೂ ಅವಳಿಗಾಗಿ ಕಾಯುತ್ತಿದ್ದವು. ಸೋಮವಾರ ಬೆಳಿಗ್ಗೆ ಸೋಪಿನ ನೀರಿಗೆ ಬಿಳಿಚಿ ಸುಕ್ಕಾದ ಬೆರಳುಗಳಲ್ಲಿ ಪೆನ್ನು ಹಿಡಿದು ಕ್ಲಾಸಿನಲ್ಲಿ ಕೂಡುತ್ತಿದ್ದಳು. "ಮೊದಲಾದ್ರ ಟಿಕೀಟಿಗಿ ರೊಕ್ಕಿಲ್ಲ ಅಂದ್ರ ನಡೀತಿತ್ತು. ಈಗ ಏನು ನೆಪ ಹೇಳ್ಲಿ?" ಹೀಗಿದ್ದೂ ಮೊದಲ ವರ್ಷ ಕ್ಲಾಸಿಗೇ ಹೆಚ್ಚು ಅಂಕ ಅವಳದ್ದು.

ಎರಡನೆಯ ವರ್ಷ ಎಲ್ಲರ ಫೋನಿಗೂ ಸ್ಕಾಲರ್‌ಶಿಪ್ ಜಮೆಯಾದ ಮೆಸೇಜು ಬಂತು, ಅವಳಿಗೆ ಬರಲಿಲ್ಲ. ವಾರ ಕಾದಳು. ಆಫೀಸಿನಲ್ಲಿ ನೋಡಿದರೆ ಹಣ ಬಿಡುಗಡೆಯಾಗಿತ್ತು, ಗಂಗಾವತಿಯ ಒಂದು ಬ್ಯಾಂಕಿಗೆ ಹೋಗಿತ್ತು. ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ಬ್ಯಾಂಕಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡುತ್ತಲೇ ಹೇಳಿದ. ದಸರಾ ರಜೆಯಲ್ಲಿ ಅವಳ ಹೆಸರಿನಲ್ಲಿ ವಾಹನ ಸಾಲ ತೆಗೆದಿದ್ದಾರೆ, ಹೊಸ ಖಾತೆಗೆ ಆಧಾರ್ ಜೋಡಿಸಿದ್ದಾರೆ, ಸರ್ಕಾರದ ಹಣ ಈಗ ಅಲ್ಲಿಗೇ ಬರುತ್ತದೆ. ಕಂತು ಬಾಕಿ ಇದ್ದುದರಿಂದ ಬಂದಷ್ಟನ್ನೂ ಬ್ಯಾಂಕು ಹಿಡಿದುಕೊಂಡಿದೆ.

ಗಿರಿಜಕ್ಕನಿಗೆ ನೆನಪಾಯಿತು. ಹೆಂಗಸರ ಹೆಸರಿಗೆ ಬಡ್ಡಿ ಕಡಿಮೆ ಎಂದು ಗಂಡ ಸಹಿ ಹಾಕಿಸಿಕೊಂಡಿದ್ದ. ಕಂತು ತಾನು ಕಟ್ಟುತ್ತೇನೆ ಎಂದಿದ್ದ.

ಮನೆಗೆ ಹೋದಾಗ ಅವನು ಊಟಕ್ಕೆ ಕೂತಿದ್ದ. ನನ್ನನ್ನು ನೋಡಿ, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಮರ್ಯಾದೆಯಿಂದಲೇ ಕರೆದ. ಅವಳು ನಿಂತೇ ಕೇಳಿದಳು.

"ನನ್ನ ಸ್ಕಾಲರ್‌ಶಿಪ್ ರೊಕ್ಕ ನಿಮ್ಮ ಗಾಡಿ ಸಾಲಕ್ಕ ಹೋಗೈತಿ. ಗೊತ್ತಿತ್ತೇನ್ರಿ?"

"ನನ್ನ ಸಾಲ ಎಲ್ಲೈತಿ? ನಿನ್ನ ಹೆಸರಿಗಿ ಐತಿ. ನಿನ್ನ ರೊಕ್ಕ, ನಿನ್ನ ಸಾಲ. ಹೊರಗಿನವರೇನು ತಿಂದಿಲ್ಲಲ್ಲ."

"ಪರೀಕ್ಷಾ ಫೀ ಕಟ್ಟಾಕ ಹತ್ತು ದಿನ ಐತ್ರಿ. ಕಾಲೇಜ್ ಫೀಸೂ ಬಾಕಿ ಐತಿ."

"ಈ ವರ್ಷ ಬಿಡು, ಮುಂದಿನ ವರ್ಷ ಬರದ್ರಾತು. ಪರೀಕ್ಷಿ ಎಲ್ಲಿಗಿ ಓಡಿ ಹೋಗ್ತೈತಿ?"

ಅತ್ತೆ ಒಳಗಿನಿಂದ ನನಗೊಂದು ತಟ್ಟೆಯಲ್ಲಿ ಅವಲಕ್ಕಿ ತಂದಿಟ್ಟರು. "ಮನಿಯಾಗಿನ ಮಾತಿಗಿ ಊರ ಮಂದಿನ ಕರ್ಕೊಂಡು ಬರ್ತಾರೇನವಾ?" ಎಂದು ಸೊಸೆಗೆ ಹೇಳಿದರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಗಿರಿಜಕ್ಕ ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಡನ ಎಂಜಲು ತಾಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಒಂದು ತಾಟಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಕೈ ಒರೆಸಿಕೊಂಡು ಬಂದು, "ನೀ ಹೋಗು ತಂಗಿ, ಬಸ್ ತಪ್ಪತೈತಿ" ಎಂದಳು.

ಕೆಲವು ದಿನದ ಮೇಲೆ ಫೀಸಿನ ಹಣದೊಂದಿಗೆ ಬಂದಳು. ನನಗೆ ಖುಷಿಯಾಯಿತು. ಅವಳು ಖೋಲಿಯಲ್ಲಿದ್ದ ತನ್ನ ಸಾಮಾನು ಕಟ್ಟತೊಡಗಿದಳು. ಗಂಡ ಷರತ್ತು ಹಾಕಿದ್ದ. ಫೀಸು ಕಟ್ಟುತ್ತೇನೆ, ಖೋಲಿ ಬಿಡಬೇಕು, ಗಂಗಾವತಿಯಿಂದಲೇ ಓಡಾಡಬೇಕು.

"ಬಾಡಗಿ ಉಳಿತೈತಿ, ಊಟ ಉಳಿತೈತಿ, ಬಸ್ಸು ಪುಕ್ಕಟ ಐತಿ, ಲೆಕ್ಕ ನಿನಗೊಬ್ಬಾಕಿಗೇ ಬರ್ತೈತೇನು ಅಂತ ಕೇಳ್ಯಾನ. ಲೆಕ್ಕ ಸರಿ ಐತಿ. ತಪ್ಪು ಹುಡುಕಾಕ ಆಗಲಿಲ್ಲ ನನಗ."

ಅಲ್ಲಿಂದ ಪರೀಕ್ಷೆಯವರೆಗೆ ಅವಳು ಬೇರೆಯೇ ಆಗಿಹೋದಳು. ಬೆಳಗಿನ ಅಡುಗೆ, ಡಬ್ಬಿ, ನೀರು ಎಲ್ಲ ಮುಗಿಸಿ ಬಸ್ಸು ಹಿಡಿಯುವಳು. ನಿಂತೇ ಬರುವ ದಿನಗಳೇ ಹೆಚ್ಚು. ಮಧ್ಯಾಹ್ನದ ಕ್ಲಾಸಿನಲ್ಲಿ ತಲೆ ಮುಂದಿನ ಬೆಂಚಿಗೆ ಬಾಗಿಬಿಡುತ್ತಿತ್ತು. ಒಬ್ಬ ಸರ್ ಎಲ್ಲರೆದುರು, "ಮದುವಿ ಆದವ್ರು ಸೀಟು ಯಾಕ ಹಾಳು ಮಾಡ್ತೀರವಾ?" ಎಂದರು. ಅವಳು ಎದ್ದು ನಿಂತು "ತಪ್ಪಾತ್ರಿ ಸರ್" ಎಂದಳು. ಫಲಿತಾಂಶ ಬಂದಾಗ ಎರಡನೆಯ ದರ್ಜೆ. ಅವಳ ನೋಟ್ಸು ಓದಿಕೊಂಡ ನಾವು ನಾಲ್ವರು ಮೊದಲ ದರ್ಜೆಯಲ್ಲಿ ಪಾಸಾಗಿದ್ದೆವು.

ನಾನೀಗ ಕುಷ್ಟಗಿಯ ಒಂದು ಶಾಲೆಯಲ್ಲಿದ್ದೇನೆ. ಹೋದ ವರ್ಷ ಮದುವೆಯೊಂದಕ್ಕೆ ಗಂಗಾವತಿಗೆ ಹೋದಾಗ ಬಸ್ ಸ್ಟ್ಯಾಂಡಿನ ಎದುರು ಅವಳು ಸಿಕ್ಕಳು. ಕೊರಳಲ್ಲಿ ಖಾಸಗಿ ಶಾಲೆಯ ಗುರುತಿನ ಚೀಟಿ, ಕೈಯಲ್ಲಿ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾನು ಕೈ ಹಿಡಿದುಕೊಂಡು, ಅಂತೂ ಟೀಚರ್ ಆದೆಯಲ್ಲ ಎಂದೆ.

"ಆದೆ. ಪಗಾರ ಆ ಸಾಲದ ಖಾತೆಗೇ ಹೋಗ್ತೈತಿ. ಹಳೇ ಸಾಲ ತೀರಿತು."

"ಛಲೋ ಆತಲ್ಲಕ್ಕಾ. ಬಿಡುಗಡಿ ಆತು."

"ಎಲ್ಲಿ ಬಿಡುಗಡಿ? ಆವಾಗ ಸಣ್ಣ ಸಾಲ ಸಿಗತಿತ್ತು. ಈಗ ನನಗ ಪಗಾರ ಚೀಟಿ ಐತಿ ನೋಡು, ದೊಡ್ಡದು ಕೊಟ್ಟಾರ."

"ಮತ್ತ ಸಹಿ ಮಾಡಿದ್ಯಾ?"

ಅವಳು ರಸ್ತೆಯ ಆಚೆ ನೋಡಿದಳು. "ಮಾಡ್ದೆ. ಮ್ಯಾನೇಜರ್ ಎದ್ದು ನಿಂತು, ಬರ್ರಿ ಮೇಡಂ, ಕುಂದರ್ರಿ ಅಂದ್ರು. ಬಿ.ಎಡ್. ಮಾಡಿದ್ದಕ್ಕ ಅಷ್ಟು ಮರ್ಯಾದಿ ಬಂತು."

ಆಚೆಯಿಂದ ಹಾರ್ನ್ ಕೇಳಿಸಿತು. ಮಲ್ಲಿಕಾರ್ಜುನ ಹೊಸ ಪಿಕಪ್ ಗಾಡಿಯ ಕಿಟಕಿಯಿಂದ ಕೈ ಬೀಸಿದ. ಅವಳು ಉತ್ತರ ಪತ್ರಿಕೆಗಳನ್ನು ಎದೆಗೆ ಒತ್ತಿಕೊಂಡು ಓಡಿದಳು, ಬರುತ್ತೇನೆ ಎಂದೂ ಹೇಳಲಿಲ್ಲ. ಗಾಡಿ ನನ್ನ ಮುಂದೆಯೇ ಹಾದುಹೋಯಿತು. ಮುಂದಿನ ಗಾಜಿನ ಮೇಲೆ ಉದ್ದಕ್ಕೂ ಕೆಂಪು ಅಕ್ಷರದಲ್ಲಿ ಬರೆಸಿದ್ದ: ತಾಯಿಯ ಆಶೀರ್ವಾದ.