ಭಾಗವ್ವನ ಎರಡು ಸೀಸೆ ಹಾಲು

ಕುಸುಮಾ ಭಾಗವ್ವನನ್ನು ಮೊದಲು ಕಂಡದ್ದು 2009ರ ಆಷಾಢದಲ್ಲಿ, ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ. ತಲೆಗೆ ಬಟ್ಟೆ ಬಿಗಿದಿದ್ದ ಬಾಣಂತಿ ಬಚ್ಚಲಿನಿಂದ ಸ್ಟೀಲಿನ ಲೋಟ ಹಿಡಿದು ಬಂದಳು. ಅದರಲ್ಲಿದ್ದದ್ದು ಅವಳದೇ ಎದೆಹಾಲು. ಅದನ್ನು ಮೋರಿಗೆ ಚೆಲ್ಲಿ, ಲೋಟ ತೊಳೆದಿಟ್ಟು, ಆಮೇಲೆ “ಯಾರ್ ಬೇಕ್ರಿ?” ಎಂದಳು. ಒಳಗೆ ಅವಳ ಕೂಸು, ತಾನೂ ಎಳೆಗೂಸಿನ ತಾಯಿಯಾಗಿದ್ದ ಓರಗಿತ್ತಿ ಹೊನ್ನವ್ವನ ಎದೆ ಕಚ್ಚಿಕೊಂಡಿತ್ತು.

“ಹೊಟ್ಟಿ ಕೊಯ್ದು ಹೆರಿಗಿ ಮಾಡ್ಯಾರ, ಭಾಳ ಗುಳಿಗಿ ನುಂಗ್ಯಾಳ. ಆ ಹಾಲು ಕೂಸಿಗೆ ಹೆಂಗ ಒಗ್ಗತೈತಿ?” ಎಂದಳು ಅತ್ತೆ ದುರ್ಗವ್ವ.

ಕುಸುಮಾ ತನ್ನ ಮನೆಯ ಮೊದಲ ಪದವೀಧರೆ. ಎದೆಹಾಲಿನಲ್ಲಿ ಯಾವ ಸೂಕ್ಷ್ಮಜೀವಿಗಳಿವೆ, ತಾಯಿಯ ಹೆರಿಗೆ, ಔಷಧಿ, ಊಟದಿಂದ ಅವು ಹೇಗೆ ಬದಲಾಗುತ್ತವೆ ಎಂಬ ಅಧ್ಯಯನಕ್ಕೆ ಹಾಲು ಸಂಗ್ರಹಿಸುತ್ತಿದ್ದಳು.

“ಪರೀಕ್ಷಾ ಮಾಡ್ತೀರೇನು? ಛಲೋ ಆತು. ಪಾಸಾದ್ರ ಕುಡಸಲಿ, ಇಲ್ಲಂದ್ರ ಹೊನ್ನಿನೇ ಕುಡಸ್ತಾಳ,” ಎಂದಳು ದುರ್ಗವ್ವ.

ಇದು ಪಾಸು-ಫೇಲಿನ ಪರೀಕ್ಷೆಯಲ್ಲ ಎಂದು ಹೇಳಬೇಕಿತ್ತು. ಅದರ ಬದಲು ಕುಸುಮಾ ಸೀಸೆಗೆ ಭಾಗವ್ವನ ಹೆಸರಿನ ಚೀಟಿ ಅಂಟಿಸಿದಳು.

ಅವತ್ತು ಒಂದು ಸೀಸೆ, ಹದಿನೈದು ದಿನದ ಮೇಲೆ ಇನ್ನೊಂದು; ಎರಡನ್ನೂ ಭಾಗವ್ವ ಒಳಗೆ ಒಯ್ದು ತುಂಬಿಸಿ ತಂದುಕೊಟ್ಟಳು. ವರದಿ ಬಂದಾಗ ಅಧ್ಯಯನ ನಡೆಸುತ್ತಿದ್ದ ಮೇಡಂ ಹುಬ್ಬು ಗಂಟಿಕ್ಕಿದರು. “ಒಬ್ಬಳೇ ತಾಯಿದು ಅಂತೀಯ. ಹದಿನೈದು ದಿನಕ್ಕೆ ಇಷ್ಟೊಂದು ಬದಲಾಗತ್ತಾ? ಚೀಟಿ ಅದಲುಬದಲು ಮಾಡಿದ್ಯೇನಮ್ಮ?”

ಮಾತ್ರೆ ನಿಂತದ್ದಕ್ಕೋ? ರೊಟ್ಟಿ ಬಿಟ್ಟು ಅನ್ನ ಉಂಡದ್ದಕ್ಕೋ? ಬಸ್ಸಿನಲ್ಲಿ ನೋಟ್‌ಬುಕ್ಕನ್ನು ಮೂರು ಸಲ ತಿರುವಿ ಹಾಕಿದರೂ ಅವಳಿಗೆ ಬುಡ ತುದಿ ತಿಳಿಯಲಿಲ್ಲ. ಕೊನೆಗೆ ವಠಾರಕ್ಕೆ ಹೋಗಿ ಭಾಗವ್ವನನ್ನೇ ಕೇಳಿದಳು.

“ಮೊದಲನೇದು ನಂದ್ರಿ ಅಕ್ಕಾರ. ಎರಡನೇದು ಹೊನ್ನಕ್ಕಂದು. ನಂದು ಫೇಲಾದ್ರ ಕೂಸು ನನ್ನ ಕೈಗೆ ಬರೂದಿಲ್ಲಲ್ರಿ.”

“ಮೊದಲನೇ ಸಲ ಯಾಕೆ ಬದಲಾಯಿಸಲಿಲ್ಲ?”

“ಅವತ್ತ ಧೈರ್ಯ ಇತ್ತ್ರಿ.”

ಬಾಗಿಲಲ್ಲಿ ನಿಂತಿದ್ದ ದುರ್ಗವ್ವ ಎಲ್ಲ ಕೇಳಿಸಿಕೊಂಡಿದ್ದಳು. “ಹಂಗಾರ ಯಾರ ಹಾಲು ಪಾಸು?”

“ಪಾಸು-ಫೇಲು ಏನಿಲ್ಲ ಅಜ್ಜಿ. ತಾಯಿಯಿಂದ ತಾಯಿಗೆ ಬೇರೆ ಇರತ್ತೆ. ಆಪರೇಷನ್, ಮಾತ್ರೆಯಿಂದ ಒಂಚೂರು ಬದಲಾಗಬಹುದು. ಹಾಗಂತ ಹಾಲು ಕೆಟ್ಟಿದೆ ಅಂತಲ್ಲ. ಕುಡಿಸಿ ಅಂತ ಆಸ್ಪತ್ರೆ ಚೀಟೀಲೇ ಬರೆದಿದಾರೆ, ನೋಡಿ.”

“ಬ್ಯಾರೆ ಅಂತೀ, ಛಲೋನೂ ಅಂತೀ. ನನಗೊಂದೂ ತಿಳೀವಲ್ದು.”

“ನನಗೂ ಪೂರ್ತಿ ತಿಳಿದಿಲ್ಲ ಅಜ್ಜಿ.”

ಅಷ್ಟರಲ್ಲಿ ಭಾಗವ್ವ ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಸೆರಗು ಮರೆ ಮಾಡಿದ್ದಳು.

“ಒಯ್ಯವ್ವಾ ಒಯ್ಯಿ, ನನ್ನ ಮಗಗ ಹೊಟ್ಟಿ ತುಂಬತೈತಿ,” ಎಂದು ಹೊನ್ನವ್ವ ನಕ್ಕಳು. ದುರ್ಗವ್ವ ಇನ್ನೂ ಆಸ್ಪತ್ರೆಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು, ಅಡ್ಡಿ ಮಾಡಲಿಲ್ಲ.

ಕೆಲವು ತಿಂಗಳ ಮೇಲೆ ಭಾಗವ್ವ ಮಾಗಡಿ ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯತೊಡಗಿದಳು. ಊಟದ ಬಿಡುವಿನಲ್ಲಿ ಮನೆಗೆ ಬಂದು ಮಗುವಿಗೆ ಹಾಲು ಕುಡಿಸಿ ಹೋಗುತ್ತಿದ್ದಳು.